ಅಳತೆಯೋ? ಕೈಹದವೋ?

ಮಕ್ಕಳೇ, ನೀವು ಬ್ಯಾಟು ಹಿಡಿದು ನಿಂತಾಗ ಎಷ್ಟು ಜನ ಬುದ್ಧಿ ಹೇಳುತ್ತಾರೆ? “ಚೆಂಡಿನ ಮೇಲೆ ಕಣ್ಣಿಡು” ಎನ್ನುತ್ತಾನೆ ಅಣ್ಣ. “ಮೊಣಕೈ ಮೇಲೆತ್ತು” ಎನ್ನುತ್ತಾರೆ ಪೀಟಿ ಮೇಷ್ಟ್ರು. “ಸುಮ್ಮನೆ ಬೀಸೋ, ತಾನೇ ಬರುತ್ತೆ” ಎಂದು ಗೆಳೆಯ ಕೂಗುತ್ತಾನೆ. ಇವುಗಳಲ್ಲಿ ಯಾವುದು ನಿಜ? ನಿಜವಾದ ಮಾತೆಲ್ಲ ಆಟದಲ್ಲಿ ಉಪಯೋಗಕ್ಕೆ ಬರುತ್ತದೆಯೆ? ನಿಜವಲ್ಲದ ಮಾತಿನಿಂದಲೂ ಒಳ್ಳೆಯ ಹೊಡೆತ ಕಲಿಯಬಹುದೆ?

ಈ ಪ್ರಶ್ನೆಗಳನ್ನು ಹಿಡಿದು ಅಮೆರಿಕದಲ್ಲಿ ಬಹಳ ವರ್ಷಗಳಿಂದ ಚರ್ಚೆ ನಡೆದಿದೆ. ಕ್ರಿಕೆಟ್ ಬಗ್ಗೆ ಅಲ್ಲ, ಅಲ್ಲಿಯವರಿಗೆ ತುಂಬ ಪ್ರಿಯವಾದ ಬೇಸ್‌ಬಾಲ್ ಬಗ್ಗೆ. ಚೆಂಡು ಹೊಡೆಯುವುದನ್ನು ಮಕ್ಕಳಿಗೆ ಹೇಗೆ ಕಲಿಸಬೇಕು? ವಿಜ್ಞಾನದ ಅಳತೆಗಳಿಂದಲೋ, ಹಿಂದಿನಿಂದ ಬಂದ ಕೈಹದದಿಂದಲೋ? ನಾನು ಯಾರ ಪಕ್ಷ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಆಟದಲ್ಲಿ ಚೆಂಡು ಹೊಡೆಯುವುದು ಎಷ್ಟು ಕಷ್ಟ ಎಂದು ನೋಡೋಣ.

ಅರ್ಧ ಸೆಕೆಂಡೂ ಇಲ್ಲ!

ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವರನ್ನು ಪಿಚರ್ ಎನ್ನುತ್ತಾರೆ, ಹೊಡೆಯುವವರನ್ನು ಬ್ಯಾಟರ್ ಎನ್ನುತ್ತಾರೆ. ಬ್ಯಾಟರ್‌ನ ಪಕ್ಕದಲ್ಲಿ ನೆಲದ ಮೇಲೆ ಹೋಮ್ ಪ್ಲೇಟ್ ಎಂಬ ಐದು ಮೂಲೆಯ ಬಿಳಿ ರಬ್ಬರ್ ತುಂಡು ಇರುತ್ತದೆ. ಪಿಚರ್ ಎಸೆದ ಚೆಂಡು ನೆಲಕ್ಕೆ ಬಿದ್ದು ಪುಟಿಯುವುದಿಲ್ಲ. ಗಾಳಿಯಲ್ಲೇ ಹಾರಿ ಬಂದು, ಬ್ಯಾಟರ್‌ನ ಮೊಣಕಾಲಿಗೂ ಎದೆಗೂ ನಡುವಿನ ಎತ್ತರದಲ್ಲಿ, ಆ ಬಿಳಿ ತುಂಡಿನ ಮೇಲೆ ಹಾದುಹೋಗಬೇಕು. ಅಂಥ ಚೆಂಡನ್ನು ಮೂರು ಸಲ ತಪ್ಪಿಸಿಕೊಂಡರೆ ಬ್ಯಾಟರ್ ಔಟ್.

ಕ್ರಿಕೆಟ್ ಬ್ಯಾಟಿನ ಮುಂಭಾಗ ಚಪ್ಪಟೆ. ಅದು 10.8 ಸೆಂಟಿಮೀಟರ್‌ವರೆಗೆ ಅಗಲವಿರಬಹುದು. ಬೇಸ್‌ಬಾಲ್ ಬ್ಯಾಟು ಒನಕೆಯ ಹಾಗೆ ದುಂಡಗಿರುತ್ತದೆ, ಅದರ ಅತಿ ದಪ್ಪ ಭಾಗವೂ 6.6 ಸೆಂಟಿಮೀಟರ್ ಮೀರುವಂತಿಲ್ಲ. ಚೆಂಡಿನ ವ್ಯಾಸ ಸುಮಾರು 7.3 ಸೆಂಟಿಮೀಟರ್. ಅಂದರೆ ಬ್ಯಾಟಿಗಿಂತ ಚೆಂಡೇ ದಪ್ಪ! ದುಂಡು ಕೋಲಿನಿಂದ ದುಂಡು ಚೆಂಡನ್ನು ಹೊಡೆಯಬೇಕು. ಸ್ವಲ್ಪ ಮೇಲೆ ತಗುಲಿದರೆ ಚೆಂಡು ನೆಲ ಕಚ್ಚುತ್ತದೆ, ಸ್ವಲ್ಪ ಕೆಳಗೆ ತಗುಲಿದರೆ ನೆಟ್ಟಗೆ ಆಕಾಶಕ್ಕೆ ಚಿಮ್ಮುತ್ತದೆ.

ಇನ್ನು ಸಮಯದ ಲೆಕ್ಕ. ದೊಡ್ಡವರ ಆಟದಲ್ಲಿ ಪಿಚರ್ ನಿಲ್ಲುವ ಜಾಗದಿಂದ ಹೋಮ್ ಪ್ಲೇಟ್‌ಗೆ 18.44 ಮೀಟರ್. ಎಸೆಯುವಾಗ ಆತ ಒಂದು ದೊಡ್ಡ ಹೆಜ್ಜೆ ಮುಂದಿಡುವುದರಿಂದ ಚೆಂಡು ಹಾರಬೇಕಾದ ದೂರ ಹೆಚ್ಚುಕಡಿಮೆ 16.8 ಮೀಟರ್. ವೇಗದ ಚೆಂಡು ಗಂಟೆಗೆ 150 ಕಿಲೋಮೀಟರ್ ಮುಟ್ಟುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 42 ಮೀಟರ್. ಭಾಗಾಕಾರ ಮಾಡಿ ನೋಡಿ: 16.8ನ್ನು 42ರಿಂದ ಭಾಗಿಸಿದರೆ 0.4. ಪಿಚರ್‌ನ ಕೈ ಬಿಟ್ಟ 0.4 ಸೆಕೆಂಡಿನಲ್ಲಿ ಚೆಂಡು ಬ್ಯಾಟರ್‌ನ ಮುಂದೆ ಇರುತ್ತದೆ.

0.4 ಸೆಕೆಂಡು ಎಂದರೆ ಎಷ್ಟು ಎಂಬುದು ಹೀಗೆ ಓದಿದರೆ ತಿಳಿಯುವುದಿಲ್ಲ. ಒಂದು ಆಟ ಆಡಿ. ಗೆಳತಿಯೊಬ್ಬಳು 30 ಸೆಂಟಿಮೀಟರ್ ಸ್ಕೇಲನ್ನು ನೆಟ್ಟಗೆ ತೂಗುಹಾಕಿ ಹಿಡಿಯಲಿ. ಕೆಳತುದಿಯ ಸೊನ್ನೆಯ ಎರಡೂ ಬದಿಗೆ, ಮುಟ್ಟದಂತೆ, ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳು ಇರಲಿ. ಅವಳು ಹೇಳದೆಕೇಳದೆ ಸ್ಕೇಲು ಬಿಡಬೇಕು, ನೀವು ಹಿಡಿಯಬೇಕು. 20 ಸೆಂಟಿಮೀಟರ್ ಗುರುತಿನ ಬಳಿ ಹಿಡಿದರೆ ನೀವು ತೆಗೆದುಕೊಂಡ ಸಮಯ ಸುಮಾರು 0.2 ಸೆಕೆಂಡು. ಕಣ್ಣು ಕಂಡದ್ದು ಮಿದುಳಿಗೆ ಹೋಗಿ, ಮಿದುಳಿನ ಆಜ್ಞೆ ಬೆರಳಿಗೆ ಬರಲು ಇಷ್ಟು ಹೊತ್ತು ಬೇಕು. ಇದನ್ನು ಪ್ರತಿಕ್ರಿಯಾ ಕಾಲ ಎನ್ನುತ್ತಾರೆ. ಬೆರಳು ಮಡಿಸುವ ಈ ಚಿಕ್ಕ ಕೆಲಸ ಮುಗಿಯುವಷ್ಟರಲ್ಲೇ ಬೇಸ್‌ಬಾಲ್ ಅರ್ಧ ದಾರಿ ಬಂದಿರುತ್ತದೆ! ಬ್ಯಾಟರ್ ಒಂದು ಕಿಲೋಗ್ರಾಂ ತೂಕಕ್ಕೆ ಹತ್ತಿರವಿರುವ ಬ್ಯಾಟನ್ನು ಬೀಸಬೇಕು, ಅದಕ್ಕೂ ಸುಮಾರು 0.15 ಸೆಕೆಂಡು ಬೇಕು. ಉಳಿದ ಕಾಲದಲ್ಲಿ ಚೆಂಡನ್ನು ನೋಡಿ, ಅಂದಾಜು ಮಾಡಿ, ಹೊಡೆಯಬೇಕೆ ಬೇಡವೆ ಎಂದು ತೀರ್ಮಾನಿಸಬೇಕು.

ಹತ್ತು ಅವಕಾಶಗಳಲ್ಲಿ ಮೂರು ಸಲ ಯಶಸ್ವಿಯಾಗಿ ಹೊಡೆದವರನ್ನು ಆ ಆಟದಲ್ಲಿ ಉತ್ತಮ ಬ್ಯಾಟರ್ ಎನ್ನುತ್ತಾರೆ. ಏಕೆ ಎಂದು ಈಗ ತಿಳಿಯಿತಲ್ಲವೆ?

ಇಬ್ಬರು ಗುರುಗಳು, ಎರಡು ಪುಸ್ತಕಗಳು

ಟೆಡ್ ವಿಲಿಯಮ್ಸ್ ಎಂಬ ಆಟಗಾರ ಬಾಸ್ಟನ್ ರೆಡ್ ಸಾಕ್ಸ್ ತಂಡದಲ್ಲಿದ್ದರು. 1941ರಲ್ಲಿ ಅವರು ಲೆಕ್ಕಕ್ಕೆ ಬಂದ 456 ಅವಕಾಶಗಳಲ್ಲಿ 185 ಸಲ ಯಶಸ್ವಿಯಾಗಿ ಹೊಡೆದರು. ಭಾಗಿಸಿದರೆ 0.406. ಹತ್ತಕ್ಕೆ ಮೂರು ಎಂಬುದೇ ಉತ್ತಮವಾದರೆ ಹತ್ತಕ್ಕೆ ನಾಲ್ಕನ್ನೂ ದಾಟಿದವರನ್ನು ಏನೆನ್ನಬೇಕು! ಆ ವರ್ಷದ ಕೊನೆಯ ದಿನದ ಮುನ್ನ ಅವರ ಲೆಕ್ಕ 448ಕ್ಕೆ 179 ಇತ್ತು. ನೀವೇ ಭಾಗಿಸಿ; 0.3996 ಬರುತ್ತದೆ. ಮೂರು ದಶಾಂಶಕ್ಕೆ ಸರಿಹೊಂದಿಸಿದರೆ 0.400. ಆಡದೆ ಬೆಂಚಿನ ಮೇಲೆ ಕುಳಿತಿದ್ದರೂ ದಾಖಲೆ ಉಳಿಯುತ್ತಿತ್ತು. ಅವರು ಕೂರಲಿಲ್ಲ. ಅಂದಿನ ಎರಡೂ ಪಂದ್ಯ ಆಡಿ 8ಕ್ಕೆ 6 ಹೊಡೆದರು.

ಈ ವಿಲಿಯಮ್ಸ್ ನಿವೃತ್ತರಾದ ಮೇಲೆ ಬರೆದ ಪುಸ್ತಕದ ಹೆಸರು ‘ಹೊಡೆತದ ವಿಜ್ಞಾನ’ ಎಂಬ ಅರ್ಥದ್ದು. ಆ ಕಾಲದ ಅನೇಕ ಕೋಚ್‌ಗಳು “ಚೆಂಡನ್ನು ಮೇಲಿಂದ ಕೆಳಕ್ಕೆ ಹೊಡೆ” ಎಂದು ಕಲಿಸುತ್ತಿದ್ದರು. ವಿಲಿಯಮ್ಸ್ ಒಪ್ಪಲಿಲ್ಲ. ಅವರ ವಾದ ಸರಳ: ಪಿಚರ್ ನಿಲ್ಲುವುದು ದಿಬ್ಬದ ಮೇಲೆ, ಎಸೆಯುವುದು ಭುಜದ ಮೇಲಿಂದ. ಹಾಗಾಗಿ ಚೆಂಡು ಬ್ಯಾಟರ್ ಬಳಿ ಬರುವಾಗ ತುಸು ಕೆಳಮುಖವಾಗಿರುತ್ತದೆ. ಬ್ಯಾಟು ತುಸು ಮೇಲ್ಮುಖವಾಗಿ ಬಂದರೆ ಚೆಂಡಿನ ದಾರಿಗೂ ಬ್ಯಾಟಿನ ದಾರಿಗೂ ಹೆಚ್ಚು ಹೊತ್ತು ಹೊಂದಿಕೆಯಾಗುತ್ತದೆ. ಎದುರಿನಿಂದ ಬರುವ ಎರಡು ರೈಲುಗಳು ಒಂದೇ ಹಳಿಯ ಮೇಲಿದ್ದರೆ ಡಿಕ್ಕಿ ತಪ್ಪುವುದಿಲ್ಲ. ಅಡ್ಡ ಹಳಿಗಳಾದರೆ ಸರಿಯಾದ ಕ್ಷಣಕ್ಕೆ ಬಂದರೆ ಮಾತ್ರ ಡಿಕ್ಕಿ. ಇದು ರೇಖಾಗಣಿತ. ಇದನ್ನು ಕೂಗಿ ಸುಳ್ಳಾಗಿಸಲು ಸಾಧ್ಯವಿಲ್ಲ.

ಚಾರ್ಲಿ ಲಾ ಎಂಬವರು ಇನ್ನೊಬ್ಬ ಗುರು. 1970ರ ದಶಕದಲ್ಲಿ ಕ್ಯಾನ್ಸಾಸ್ ಸಿಟಿ ತಂಡದ ಬ್ಯಾಟಿಂಗ್ ಕೋಚ್ ಆಗಿದ್ದರು. ಅವರ ಶಿಷ್ಯ ಜಾರ್ಜ್ ಬ್ರೆಟ್ 1980ರಲ್ಲಿ 0.390 ಸರಾಸರಿ ಗಳಿಸಿದರು. ಅದೇ ವರ್ಷ ಹೊರಬಂದ ಲಾ ಅವರ ಪುಸ್ತಕದ ಹೆಸರಿನಲ್ಲಿ ‘ವಿಜ್ಞಾನ’ ಇಲ್ಲ, ‘ಕಲೆ’ ಇದೆ. ಲಯ, ಮೈಭಾರವನ್ನು ಹಿಂಗಾಲಿನಿಂದ ಮುಂಗಾಲಿಗೆ ಸಾಗಿಸುವುದು, ಬಿಗಿಯಿಲ್ಲದ ಮೈ, ಇವು ಅವರ ಪಾಠ. (ತಮಾಷೆ ಎಂದರೆ ಆಟಗಾರರಾಗಿ ಲಾ ಅವರ ಸರಾಸರಿ ಬರೀ 0.255. ಚೆನ್ನಾಗಿ ಹೊಡೆಯುವುದು ಬೇರೆ, ಚೆನ್ನಾಗಿ ಕಲಿಸುವುದು ಬೇರೆ.)

ಹಾಗಾದರೆ ವಿಲಿಯಮ್ಸ್ ಅಳತೆಯವರು, ಲಾ ಕೈಹದದವರು ಎಂದು ನೀವು ಬರೆದುಕೊಂಡಿರಬಹುದು. ಸ್ವಲ್ಪ ತಾಳಿ. ವಿಲಿಯಮ್ಸ್ ಪುಸ್ತಕದ ಅತಿ ಪ್ರಸಿದ್ಧ ಚಿತ್ರದಲ್ಲಿ, ಚೆಂಡು ಹಾದುಹೋಗಬೇಕಾದ ಜಾಗವನ್ನು ಅಡ್ಡಕ್ಕೆ 7, ಉದ್ದಕ್ಕೆ 11, ಒಟ್ಟು 77 ಚೆಂಡುಗಳಿಂದ ತುಂಬಿಸಿದ್ದಾರೆ. ಎಲ್ಲಿ ಬಂದ ಚೆಂಡನ್ನು ಹೊಡೆದರೆ ತಮ್ಮ ಸರಾಸರಿ ಎಷ್ಟು ಎಂದು ಒಂದೊಂದರ ಮೇಲೂ ಸಂಖ್ಯೆ ಇದೆ. ನಡುವಿನದಕ್ಕೆ 0.400, ದೂರದ ಕೆಳಮೂಲೆಯದಕ್ಕೆ 0.230. ಈ ಸಂಖ್ಯೆಗಳನ್ನು ಯಾವ ಯಂತ್ರವೂ ಅಳೆಯಲಿಲ್ಲ. ಅವು ವರ್ಷಗಟ್ಟಲೆ ಆಡಿದ ಅನುಭವದಿಂದ ವಿಲಿಯಮ್ಸ್ ಮಾಡಿದ ಅಂದಾಜು! ಅತ್ತ ‘ಕಲೆ’ಯ ಗುರು ಲಾ ಅವರೋ, ಆಟಗಾರರ ಹೊಡೆತಗಳನ್ನು ಚಿತ್ರೀಕರಿಸಿ, ನಿಧಾನವಾಗಿ ಓಡಿಸಿ, ಮತ್ತೆ ಮತ್ತೆ ನೋಡಿ ತಮ್ಮ ಪಾಠಗಳನ್ನು ಕಂಡುಕೊಂಡವರು. ವಿಜ್ಞಾನದವರ ಬಳಿ ಕೈಹದವಿತ್ತು, ಕಲೆಯವರ ಬಳಿ ವೀಕ್ಷಣೆಯಿತ್ತು. ಪುಸ್ತಕದ ರಟ್ಟಿನ ಮೇಲಿನ ಹೆಸರು ನೋಡಿ ಪಕ್ಷ ಕಟ್ಟಿಕೊಳ್ಳುವುದು ಎಷ್ಟು ಅಪಾಯ ನೋಡಿ.

ಕೈಹದ ಹೇಳುವ ಸುಳ್ಳುಗಳು

ಹದ ಎಂಬ ಮಾತು ನಿಮಗೆ ಹೊಸದಲ್ಲ. ರೊಟ್ಟಿ ಹಿಟ್ಟಿಗೆ ಎಷ್ಟು ನೀರು ಹಾಕಬೇಕೆಂದು ಅಜ್ಜಿ ಅಳೆಯುವುದಿಲ್ಲ, ಮುಟ್ಟಿ ನೋಡುತ್ತಾರೆ. ಸಾವಿರ ಸಲ ಮಾಡಿದ ಕೈ ತಾನೇ ತಿಳಿದುಕೊಂಡಿರುತ್ತದೆ. ಬ್ಯಾಟರ್‌ಗೂ ಅಂಥ ಕೈಹದ ಬೇಕು. ಆದರೆ ಹದ ಬಲ್ಲವರು ತಾವು ಮಾಡುವುದನ್ನು ಮಾತಿನಲ್ಲಿ ವಿವರಿಸಲು ಹೊರಟಾಗ ಆ ಮಾತು ನಿಜವೇ ಆಗಿರಬೇಕೆಂದಿಲ್ಲ. ಎರಡು ಉದಾಹರಣೆ ಕೊಡುತ್ತೇನೆ.

“ಬ್ಯಾಟಿಗೆ ತಗುಲುವವರೆಗೂ ಚೆಂಡಿನ ಮೇಲಿಂದ ಕಣ್ಣು ತೆಗೆಯಬೇಡ.” ಇದು ಬೇಸ್‌ಬಾಲಿನಲ್ಲೂ ಇದೆ, ನಮ್ಮ ಕ್ರಿಕೆಟ್ಟಿನಲ್ಲೂ ಇದೆ. 1984ರಲ್ಲಿ ಟೆರಿ ಬಾಹಿಲ್ ಮತ್ತು ಟಾಮ್ ಲಾರಿಟ್ಜ್ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಿದ ವರದಿ ಪ್ರಕಟಿಸಿದರು. ದಾರದಿಂದ ಎಳೆದ ಚೆಂಡನ್ನು ಬ್ಯಾಟರ್ ಕಡೆಗೆ ವೇಗವಾಗಿ ಸಾಗಿಸಿ, ಕಣ್ಣು ಮತ್ತು ತಲೆಯ ಚಲನೆಯನ್ನು ಅಳೆದರು. ವೃತ್ತಿಪರ ಆಟಗಾರನ ಕಣ್ಣು ಕೂಡ ಹೋಮ್ ಪ್ಲೇಟ್‌ಗೆ ಸುಮಾರು 1.7 ಮೀಟರ್ ಇರುವಾಗ ಚೆಂಡಿಗಿಂತ ಹಿಂದೆ ಬಿತ್ತು. ಉಳಿದವರು ಅದಕ್ಕೂ ಮೊದಲೇ ಸೋತರು. ಚೆಂಡು ಬ್ಯಾಟಿಗೆ ತಗುಲುವುದನ್ನು ನೋಡುವುದು ಯಾರಿಂದಲೂ ಆಗಲಿಲ್ಲ.

ಏಕೆ ಹೀಗೆ? ರಸ್ತೆಬದಿ ನಿಂತು ದೂರದಿಂದ ಬರುವ ಬಸ್ಸನ್ನು ನೋಡಿ. ದೂರವಿದ್ದಾಗ ಅದು ಚಲಿಸಿದಂತೆಯೇ ಕಾಣುವುದಿಲ್ಲ. ಹತ್ತಿರ ಬಂದಾಗ ನೀವು ಕತ್ತು ತಿರುಗಿಸುವಷ್ಟರಲ್ಲಿ ಹೋಗಿಬಿಟ್ಟಿರುತ್ತದೆ. ಬಸ್ಸಿನ ವೇಗ ಬದಲಾಗಿಲ್ಲ, ನಿಮ್ಮ ಕಣ್ಣು ತಿರುಗಬೇಕಾದ ಕೋನ ಬದಲಾಗಿದೆ. ಕೊನೆಯ ಗಳಿಗೆಯಲ್ಲಿ ಬೇಸ್‌ಬಾಲ್ ಅನ್ನು ಅನುಸರಿಸಲು ಬೇಕಾಗುವ ವೇಗದಲ್ಲಿ ಮನುಷ್ಯನ ಕಣ್ಣು ತಿರುಗಲಾರದು.

ಕ್ರಿಕೆಟ್ ಪ್ರಿಯರಿಗೆ ಇನ್ನೊಂದು ಸುದ್ದಿ. 2000ದಲ್ಲಿ ಬ್ರಿಟನ್ನಿನ ಮೈಕೇಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯೋಡ್ ಎಂಬ ವಿಜ್ಞಾನಿಗಳು ಕ್ರಿಕೆಟ್ ಬ್ಯಾಟ್ಸ್‌ಮನ್‌ಗಳ ಕಣ್ಣಿನ ಚಲನೆಯನ್ನು ತಲೆಗೆ ಕಟ್ಟಿದ ಕ್ಯಾಮೆರಾದಿಂದ ದಾಖಲಿಸಿದರು. ಅವರ ಕಣ್ಣು ಚೆಂಡು ಕೈಬಿಟ್ಟದ್ದನ್ನು ನೋಡುತ್ತದೆ, ನಂತರ ಚೆಂಡು ಪುಟಿಯಲಿರುವ ಜಾಗಕ್ಕೆ ಮೊದಲೇ ಹಾರಿ ಅಲ್ಲಿ ಕಾಯುತ್ತದೆ! ಹೆಚ್ಚು ನುರಿತವರ ಕಣ್ಣು ಹೆಚ್ಚು ಬೇಗ ಹಾರುತ್ತದೆ.

ಎರಡನೆಯ ಉದಾಹರಣೆ ‘ಏರುವ ಚೆಂಡು’. ವೇಗದ ಚೆಂಡು ಹತ್ತಿರ ಬಂದಾಗ ಒಮ್ಮೆಲೆ ಮೇಲೆ ಜಿಗಿಯಿತು ಎಂದು ಎಷ್ಟೋ ಬ್ಯಾಟರ್‌ಗಳು ಆಣೆ ಮಾಡಿ ಹೇಳಿದ್ದಾರೆ. ಗುರುತ್ವಾಕರ್ಷಣೆ ಒಂದೇ ಇದ್ದಿದ್ದರೆ 0.4 ಸೆಕೆಂಡಿನಲ್ಲಿ ಯಾವುದೇ ವಸ್ತು ಸುಮಾರು 78 ಸೆಂಟಿಮೀಟರ್ ಬೀಳುತ್ತದೆ. ಪಿಚರ್ ಚೆಂಡಿಗೆ ಹಿಮ್ಮುಖ ಗಿರಕಿ ಕೊಟ್ಟಾಗ ಗಾಳಿ ಅದನ್ನು ಸ್ವಲ್ಪ ಮೇಲಕ್ಕೆ ಒತ್ತುತ್ತದೆ. ಆದ್ದರಿಂದ ಕಡಿಮೆ ಬೀಳುತ್ತದೆ ಅಷ್ಟೆ. ಭುಜದ ಮೇಲಿಂದ ಎಸೆದ ಚೆಂಡು ಏರುವುದಿಲ್ಲ. ಬ್ಯಾಟರ್‌ನ ಮಿದುಳು “ಇಷ್ಟು ಬೀಳುತ್ತದೆ” ಎಂದು ಲೆಕ್ಕ ಹಾಕಿರುತ್ತದೆ. ಚೆಂಡು ಅದಕ್ಕಿಂತ ಮೇಲೆ ಬಂದಾಗ ಜಿಗಿದಂತೆ ಭಾಸವಾಗುತ್ತದೆ. ಆತ ಸುಳ್ಳು ಹೇಳುತ್ತಿಲ್ಲ, ಅವನಿಗೆ ಹಾಗೆಯೇ ಕಂಡಿದೆ. ಆದರೂ ಅದು ನಿಜವಲ್ಲ.

ಆದ್ದರಿಂದ “ಅನುಭವಸ್ಥರು ಹೇಳಿದ್ದು, ಎದುರು ಮಾತಾಡಬೇಡ” ಎನ್ನುವ ಕೋಚ್‌ಗಳ ಪಕ್ಷ ನಾನಲ್ಲ. ಹಾಗೆಂದು “ಚೆಂಡಿನ ಮೇಲೆ ಕಣ್ಣಿಡು” ಎಂಬ ಮಾತನ್ನು ಎಸೆದುಬಿಡಬೇಕೆ? ಬೇಡ. ಆ ಮಾತು ಕೇಳಿದ ಹುಡುಗ ತಲೆಯನ್ನು ಅತ್ತಿತ್ತ ಎಳೆದಾಡುವುದಿಲ್ಲ, ಪಿಚರ್‌ನ ಕೈಯನ್ನು ಮೊದಲಿನಿಂದ ಗಮನಿಸುತ್ತಾನೆ. ಆ ಮೊದಲ ಭಾಗವೇ ಮುಖ್ಯ. ಮಾತು ಅಕ್ಷರಶಃ ನಿಜವಲ್ಲ, ಅದರ ಫಲ ಒಳ್ಳೆಯದು. ಮುನ್ನೂರು ವರದಿ ಓದಿದವನಿಗಿಂತ ಇದನ್ನು ನಂಬಿದವನೇ ಮೈದಾನದಲ್ಲಿ ಚೆನ್ನಾಗಿ ಹೊಡೆಯಬಹುದು!

ಯಂತ್ರಗಳು ಬಂದವು

2015ರಲ್ಲಿ ಅಮೆರಿಕದ ಅತಿ ದೊಡ್ಡ ಪಂದ್ಯಾವಳಿಯಾದ ಮೇಜರ್ ಲೀಗ್‌ನ 30 ತಂಡಗಳ ಮೈದಾನಗಳಲ್ಲೂ ಸ್ಟ್ಯಾಟ್‌ಕಾಸ್ಟ್ ಎಂಬ ವ್ಯವಸ್ಥೆ ಬಂದಿತು. ರೇಡಾರ್ ಮತ್ತು ಕ್ಯಾಮೆರಾಗಳು ಪ್ರತಿ ಹೊಡೆತವನ್ನೂ ಅಳೆಯತೊಡಗಿದವು: ಚೆಂಡು ಎಷ್ಟು ವೇಗದಲ್ಲಿ ಬ್ಯಾಟು ಬಿಟ್ಟಿತು, ನೆಲಕ್ಕೆ ಎಷ್ಟು ಡಿಗ್ರಿ ಕೋನದಲ್ಲಿ ಹಾರಿತು. 2020ರಿಂದ ಇದಕ್ಕೆ ಹಾಕ್-ಐ ಕ್ಯಾಮೆರಾಗಳನ್ನು ಬಳಸುತ್ತಿದ್ದಾರೆ. ಟೀವಿಯಲ್ಲಿ ಕ್ರಿಕೆಟ್ ನೋಡುವ ನಿಮಗೆ ಈ ಹೆಸರು ಗೊತ್ತು, ಎಲ್‌ಬಿಡಬ್ಲ್ಯೂ ತೀರ್ಪಿಗೆ ಚೆಂಡಿನ ದಾರಿ ತೋರಿಸುವುದು ಇದೇ. ಬ್ಯಾಟಿನ ಹಿಡಿಯ ತುದಿಗೆ ಅಂಟಿಸುವ ಚಿಕ್ಕ ಸಂವೇದಕಗಳೂ ಬಂದಿವೆ. ಬೀಸಿದ ತಕ್ಷಣ ಮೊಬೈಲಿನಲ್ಲಿ ವೇಗ, ಕೋನ ಎಲ್ಲ ಮೂಡುತ್ತದೆ. ನಿಮ್ಮ ವಯಸ್ಸಿನ ಮಕ್ಕಳ ಬ್ಯಾಟುಗಳ ಮೇಲೂ ಅವು ಕುಳಿತಿವೆ.

ಇದರಿಂದ ಒಳ್ಳೆಯದಾಗಿಲ್ಲವೆ? ಆಗಿದೆ. ಬಲವಾಗಿ ಹೊಡೆದ ಚೆಂಡು 25ರಿಂದ 30 ಡಿಗ್ರಿ ಕೋನದಲ್ಲಿ ಹಾರಿದರೆ ಬಹಳ ದೂರ ಹೋಗುತ್ತದೆ, ಕೆಳಮುಖವಾಗಿ ಹೊಡೆದರೆ ಹೋಗುವುದಿಲ್ಲ ಎಂದು ಲಕ್ಷಾಂತರ ಹೊಡೆತಗಳ ದಾಖಲೆ ತೋರಿಸಿತು. ವಿಲಿಯಮ್ಸ್ ಹೇಳಿದ್ದಕ್ಕೆ ಪುರಾವೆ ಸಿಕ್ಕಿತು. ಯಾರ ದನಿ ದೊಡ್ಡದು ಎಂಬುದರ ಮೇಲೆ ನಡೆಯುತ್ತಿದ್ದ ವಾದ ಅಳತೆಯ ಮೇಲೆ ನಡೆಯುವಂತಾಯಿತು. ಇದು ಸಣ್ಣ ಲಾಭವಲ್ಲ.

ಆದರೆ ಅಳತೆಯೂ ಅವಸರದವರನ್ನು ದಾರಿ ತಪ್ಪಿಸುತ್ತದೆ. ಚೆಂಡು ಬೇಲಿ ದಾಟುವ ಹೊಡೆತಕ್ಕೆ ಹೋಮ್ ರನ್ ಎನ್ನುತ್ತಾರೆ; ನಮ್ಮ ಸಿಕ್ಸರ್ ಇದ್ದಹಾಗೆ. ಮೇಜರ್ ಲೀಗ್‌ನಲ್ಲಿ 2014ರಲ್ಲಿ 4,186 ಹೋಮ್ ರನ್‌ಗಳಾದವು. 2017ರಲ್ಲಿ 6,105! “ಬ್ಯಾಟರ್‌ಗಳು ಕೋನ ಕಲಿತರು, ಅದಕ್ಕೇ” ಎಂದು ಬಹಳ ಜನ ಹೇಳಿದರು. ಲೀಗ್‌ನವರು ವಿಜ್ಞಾನಿಗಳ ಸಮಿತಿಯೊಂದನ್ನು ನೇಮಿಸಿದರು. ಭೌತವಿಜ್ಞಾನಿ ಅಲನ್ ನೇಥನ್ ಅದರ ಅಧ್ಯಕ್ಷರು. 2018ರಲ್ಲಿ ಸಮಿತಿ ಹೇಳಿದ್ದೇ ಬೇರೆ: ಆ ಏರಿಕೆಗೆ ಮುಖ್ಯ ಕಾರಣ ಬ್ಯಾಟರ್‌ಗಳ ಹೊಸ ಕೋನವಲ್ಲ, ಚೆಂಡೇ ಗಾಳಿಯಲ್ಲಿ ಮೊದಲಿಗಿಂತ ಕಡಿಮೆ ತಡೆಯೊಂದಿಗೆ ಹಾರುತ್ತಿದೆ! ಎರಡು ಸಂಗತಿಗಳು ಒಟ್ಟಿಗೆ ನಡೆದವು ಎಂದಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗುವುದಿಲ್ಲ ಎಂಬ ಪಾಠ ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಬಂದಾಗ ಈ ಚೆಂಡನ್ನು ನೆನಪಿಸಿಕೊಳ್ಳಿ.

ಅದಕ್ಕಿಂತ ನನ್ನನ್ನು ಚಿಂತೆಗೆ ಹಚ್ಚುವುದು ಬೇರೆ. ಹನ್ನೊಂದು ವರ್ಷದ ಹುಡುಗಿ ಬ್ಯಾಟು ಹಿಡಿದು ನಿಂತಿದ್ದಾಳೆ ಎಂದುಕೊಳ್ಳಿ. ಕೋಚ್ ಮೊಬೈಲ್ ನೋಡಿ “ನಿನ್ನ ಕೋನ 8 ಡಿಗ್ರಿ, ಅದನ್ನು 25 ಮಾಡು” ಎನ್ನುತ್ತಾರೆ. ಅವಳು ಏನು ಮಾಡಬೇಕು? ಯಾವ ಸ್ನಾಯುವನ್ನು ಎಳೆಯಬೇಕು? ಸಂಖ್ಯೆ ಏನಾಯಿತು ಎಂದು ಹೇಳುತ್ತದೆ, ಹೇಗೆ ಮಾಡಬೇಕು ಎಂದು ಹೇಳುವುದಿಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ 42 ಎಂದು ನೋಡಿದರೆ ಭಿನ್ನರಾಶಿ ಕಲಿತಂತಾಗುತ್ತದೆಯೆ?

ಮಕ್ಕಳಿಗೆ ದೊಡ್ಡವರಿಗಿಂತ ಹೆಚ್ಚು ಸಮಯ ಸಿಗುತ್ತದೆ ಎಂದು ಭಾವಿಸಬೇಡಿ. 12 ವರ್ಷದೊಳಗಿನವರು ಆಡುವ ಲಿಟಲ್ ಲೀಗ್‌ನಲ್ಲಿ ಪಿಚರ್ ಇರುವುದು ಕೇವಲ 14 ಮೀಟರ್ ದೂರದಲ್ಲಿ. ಚುರುಕಾದ ಹುಡುಗನೊಬ್ಬ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಎಸೆದರೆ, ಅವನ ಹೆಜ್ಜೆಯ ದೂರ ಕಳೆದು ಲೆಕ್ಕ ಹಾಕಿ. ಮತ್ತೆ ಅದೇ 0.4 ಸೆಕೆಂಡು! ಅಷ್ಟರಲ್ಲಿ ಎಂಟು, ಇಪ್ಪತ್ತೈದು ಎಂದು ಯೋಚಿಸಲು ಎಲ್ಲಿದೆ ಸಮಯ?

2004ರಲ್ಲಿ ರಾಬ್ ಗ್ರೇ ಎಂಬ ಮನೋವಿಜ್ಞಾನಿ ಇದಕ್ಕೆ ಸಂಬಂಧಿಸಿದ ಒಂದು ಜಾಣ ಪ್ರಯೋಗದ ವರದಿ ಪ್ರಕಟಿಸಿದರು. ಪರದೆಯ ಮೇಲೆ ಹಾರಿ ಬರುವ ಚೆಂಡಿನ ಚಿತ್ರಕ್ಕೆ ಆಟಗಾರರು ನಿಜವಾದ ಬ್ಯಾಟು ಬೀಸಬೇಕು. ಕೆಲವರು ನುರಿತ ಕಾಲೇಜು ಆಟಗಾರರು, ಕೆಲವರು ಅಷ್ಟು ಅಭ್ಯಾಸವಿಲ್ಲದವರು. ಆಟದ ನಡುವೆ ಒಂದು ಶಬ್ದ ಕೇಳಿಸುತ್ತದೆ. ಕೆಲವು ಸಲ “ಶಬ್ದ ತಾರಕದ್ದೋ ಮಂದ್ರದ್ದೋ?” ಎಂದು ಹೇಳಬೇಕು. ಅದು ಹೊಡೆತಕ್ಕೆ ಸಂಬಂಧವಿಲ್ಲದ ಗಮನ. ಇನ್ನು ಕೆಲವು ಸಲ “ಶಬ್ದ ಬಂದಾಗ ಬ್ಯಾಟು ಮೇಲಕ್ಕೆ ಚಲಿಸುತ್ತಿತ್ತೋ ಕೆಳಕ್ಕೋ?” ಎಂದು ಹೇಳಬೇಕು. ಇದು ಹೊಡೆತದ ಮೇಲಿನ ಗಮನ.

ಫಲಿತಾಂಶ ಏನಿರಬಹುದು? ಮುಂದೆ ಓದುವ ಮೊದಲು ಊಹಿಸಿ.

ಹೊಸಬರು ಬೇರೆ ಕಡೆ ಗಮನ ಕೊಟ್ಟಾಗ ಕೆಟ್ಟದಾಗಿ ಆಡಿದರು. ನುರಿತವರು ತಮ್ಮದೇ ಹೊಡೆತವನ್ನು ಗಮನಿಸಿದಾಗ ಕೆಟ್ಟದಾಗಿ ಆಡಿದರು! ಕಲಿಯುವಾಗ ಮಾಡುವ ಕೆಲಸದ ಮೇಲೆ ಮನಸ್ಸಿರಬೇಕು. ಕೈ ಕುದುರಿದ ಮೇಲೆ ಅದೇ ಗಮನ ಅಡ್ಡಿ. ಸೈಕಲ್ ಬಲ್ಲವರು “ನಾನು ಪೆಡಲನ್ನು ಹೇಗೆ ತುಳಿಯುತ್ತಿದ್ದೇನೆ?” ಎಂದು ನೋಡುತ್ತ ಹೋದರೆ ಓಲಾಡುವುದನ್ನು ನೀವು ಕಂಡಿರಬಹುದು.

ಕಲಿಯುವವರು ಗಮನವನ್ನು ಎಲ್ಲಿ ಇಡಬೇಕು ಎಂಬುದನ್ನೂ ಸಂಶೋಧಕರು ನೋಡಿದ್ದಾರೆ. 1999ರಲ್ಲಿ ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು ಗಾಲ್ಫ್ ಕಲಿಯುವ ಹೊಸಬರ ಒಂದು ಗುಂಪಿಗೆ ತಮ್ಮ ತೋಳುಗಳನ್ನು ಗಮನಿಸಲು, ಇನ್ನೊಂದು ಗುಂಪಿಗೆ ಕೋಲಿನ ಬೀಸನ್ನು ಗಮನಿಸಲು ಹೇಳಿದರು. ಕೋಲನ್ನು ಗಮನಿಸಿದವರ ಹೊಡೆತ ಗುರಿಗೆ ಹೆಚ್ಚು ಹತ್ತಿರ ಬಿತ್ತು. ಮೊಣಕೈ, ಸೊಂಟ, ಮಣಿಕಟ್ಟು ಎಂದು ಪಟ್ಟಿ ಕೊಡುವ ಕೋಚ್‌ಗಳು ಇದನ್ನು ಓದಬೇಕು.

ನನ್ನ ಪಕ್ಷ

ಈಗ ನನ್ನ ಅಭಿಪ್ರಾಯ. ಅಳತೆ ಕೋಚ್ ಕೈಯಲ್ಲಿರಲಿ, ಹದ ಮಗುವಿನ ಮೈಯಲ್ಲಿರಲಿ. ಅಳೆಯುವ ಕೆಲಸ ಹೊಡೆತಕ್ಕೆ ಮುಂಚೆ ಮತ್ತು ಆಮೇಲೆ. ಆ 0.4 ಸೆಕೆಂಡಿನ ಒಳಗೆ ಸಂಖ್ಯೆಗೆ ಪ್ರವೇಶವಿಲ್ಲ. ಕೋಚ್ “25 ಡಿಗ್ರಿ” ಎಂಬುದನ್ನು ಮೊಬೈಲಿನಲ್ಲಿ ನೋಡಿಕೊಳ್ಳಲಿ, ಮಗುವಿಗೆ “ಆ ಮರದ ತುದಿಯ ಮೇಲಿಂದ ಹಾರಿಸು ನೋಡೋಣ” ಎನ್ನಲಿ. ಒಂದು ಸಲಕ್ಕೆ ಒಂದೇ ಮಾತು. ಹಾರಿತೋ ಇಲ್ಲವೋ ಎಂದು ಮತ್ತೆ ಅಳೆಯಲಿ. ಹಾರದಿದ್ದರೆ ತಪ್ಪು ಮಗುವಿನದು ಎಂದು ಗದರುವ ಮೊದಲು ತಮ್ಮ ಮಾತು ಬದಲಿಸಲಿ. ಒಬ್ಬರಿಗೆ ಹಿಡಿಸಿದ ಮಾತು ಇನ್ನೊಬ್ಬರ ಮೈಗೆ ಹಿಡಿಸುವುದಿಲ್ಲ, ಮಾತೂ ಒಂದು ಪ್ರಯೋಗವೇ ಅಲ್ಲವೆ?

ಇನ್ನೊಂದು ಕೆಲಸ ಆಗಬೇಕು. ವೀಡಿಯೊ ತೋರಿಸುವ ಮೊದಲು ಕೋಚ್ ಮಗುವನ್ನು ಕೇಳಬೇಕು: “ನಿನಗೆ ಹೇಗನ್ನಿಸಿತು?” “ಬ್ಯಾಟು ತಡವಾಯಿತು ಅನ್ನಿಸಿತು” ಎನ್ನುತ್ತಾಳೆ ಆಕೆ. ಆಮೇಲೆ ಇಬ್ಬರೂ ನೋಡಲಿ. ಅನ್ನಿಸಿದ್ದೂ ಆದದ್ದೂ ಒಂದೇ ಆದರೆ ಅವಳ ಕೈಹದ ಬೆಳೆಯುತ್ತಿದೆ. ಬೇರೆಯಾದರೆ ಅಂದಾಜು ತಿದ್ದಿಕೊಳ್ಳಲು ಅವಕಾಶ ಸಿಕ್ಕಿತು. ಸ್ಯಾನ್ ಡಿಯೇಗೋ ತಂಡದ ಟೋನಿ ಗ್ವಿನ್ 1983ರಲ್ಲೇ ತಮ್ಮ ಹೊಡೆತಗಳನ್ನು ವೀಡಿಯೊ ಟೇಪಿನಲ್ಲಿ ಹಿಡಿಸಿ ನೋಡತೊಡಗಿದ್ದರು. 1994ರಲ್ಲಿ 0.394 ಸರಾಸರಿ ಗಳಿಸಿದರು. ಅವರು ಟೇಪು ನೋಡುತ್ತಿದ್ದದ್ದು ಮೈದಾನದ ಹೊರಗೆ ಎಂಬುದನ್ನು ಗಮನಿಸಿ.

“ಅಷ್ಟೆಲ್ಲ ಏಕೆ? ಆಟವಲ್ಲವೆ, ಹೇಗೋ ಆಡಿಕೊಳ್ಳಲಿ” ಎನ್ನುವವರಿದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಆಡಿದಷ್ಟೂ ಹದ ಬರುತ್ತದೆ. ಆದರೆ ತಪ್ಪು ಕಲಿಕೆಯಿಂದ ಹೋಗುವುದು ಒಂದು ಪಂದ್ಯವಷ್ಟೇ ಅಲ್ಲ. “ಹಿರಿಯರು ಹೇಳಿದ್ದಾರೆ, ಪ್ರಶ್ನೆ ಕೇಳಬೇಡ” ಎಂದು ಬೆಳೆದ ಮಗು ಪ್ರಶ್ನೆ ಕೇಳುವುದನ್ನು ಬಿಡುತ್ತದೆ. “ಯಂತ್ರ ಹೇಳಿದೆ, ನಿನ್ನ ಅನಿಸಿಕೆ ಬೇಡ” ಎಂದು ಬೆಳೆದ ಮಗು ತನ್ನ ಮೈಯನ್ನೇ ನಂಬುವುದನ್ನು ಬಿಡುತ್ತದೆ. ಎರಡನೆಯ ಅಪಾಯ ಹೊಸದಾದ್ದರಿಂದ ಅದನ್ನು ಯಾರೂ ಅಷ್ಟಾಗಿ ಗಮನಿಸುತ್ತಿಲ್ಲ ಎಂಬುದೇ ನನ್ನ ದೂರು.

ನನ್ನ ಮಾತನ್ನೂ ಹಾಗೇ ನಂಬಬೇಡಿ, ಪರೀಕ್ಷಿಸಿ. ಸಂವೇದಕ ಬೇಡ. ಟೆನಿಸ್ ಚೆಂಡು, ನಿಮ್ಮ ಕ್ರಿಕೆಟ್ ಬ್ಯಾಟು, ಸುಣ್ಣದ ಪುಡಿ ಸಾಕು. ಹತ್ತು ಹೆಜ್ಜೆ ದೂರದಲ್ಲಿ ಸುಣ್ಣದಿಂದ ಮೂರು ಹೆಜ್ಜೆ ಅಗಲದ ಚೌಕ ಬರೆಯಿರಿ. ಗೆಳೆಯನೊಬ್ಬ ಮೆಲ್ಲಗೆ, ಒಂದೇ ರೀತಿ ಚೆಂಡು ಎಸೆಯಲಿ. ಮೊದಲ ದಿನ “ಮೊಣಕೈ ಎಲ್ಲಿದೆ ನೋಡಿಕೋ” ಎಂದು ಹೇಳಿ ಪ್ರತಿಯೊಬ್ಬರಿಗೂ ಇಪ್ಪತ್ತು ಚೆಂಡು. ಮರುದಿನ “ಚೌಕದೊಳಗೆ ಬೀಳಿಸು” ಎಂದಷ್ಟೇ ಹೇಳಿ ಇಪ್ಪತ್ತು. ಎಷ್ಟು ಒಳಗೆ ಬಿದ್ದವು, ಬರೆದಿಡಿ. ಅರ್ಧ ಮಂದಿ ಇದನ್ನು ತಿರುವುಮುರುವಾಗಿ ಮಾಡಲಿ. ಇಲ್ಲದಿದ್ದರೆ ಎರಡನೆಯ ದಿನ ಚೆನ್ನಾಗಿ ಬಂದದ್ದು ಮಾತಿನಿಂದಲೋ ಅಭ್ಯಾಸದಿಂದಲೋ ತಿಳಿಯುವುದಿಲ್ಲ. ನಿಮ್ಮ ತರಗತಿಯಲ್ಲಿ ಚೆನ್ನಾಗಿ ಆಡುವವರ ಲೆಕ್ಕವನ್ನು ಒಂದು ಪುಟದಲ್ಲೂ, ಈಗಷ್ಟೇ ಬ್ಯಾಟು ಹಿಡಿದವರ ಲೆಕ್ಕವನ್ನು ಇನ್ನೊಂದು ಪುಟದಲ್ಲೂ ಬರೆಯಿರಿ. ಪ್ರತಿ ಹೊಡೆತದ ಮುಂದೆ ಒಂದು ಖಾಲಿ ಜಾಗ ಬಿಡಿ, ಚೆಂಡು ಎಲ್ಲಿ ಬಿತ್ತು ಎಂದು ನೋಡುವ ಮೊದಲೇ ಹೊಡೆದವರು “ಒಳಗೆ” ಅಥವಾ “ಹೊರಗೆ” ಎಂದು ಹೇಳಲಿ, ಅದನ್ನು ಅಲ್ಲಿ ತುಂಬಿ.